ಗುಡ್ಡದ ಸೀಟಿನ ಮುಳಗುಂದ ಅಂಕಲ್

ಮುಳಗುಂದ ಅಂಕಲ್ ವರ್ಷಗಳನ್ನು ಇಸವಿಯಿಂದ ಗುರುತಿಸುತ್ತಿರಲಿಲ್ಲ, ಊರಿನ ಚುನಾವಣೆಗಳಿಂದ ಗುರುತಿಸುತ್ತಿದ್ದರು. ಅವರ ಮಗಳ ಮದುವೆಯಾದದ್ದು ‘ಡೆಂಟಿಸ್ಟ್ ಸೋತ ವರ್ಷ’. ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆ ನಡೆದದ್ದು ‘ನರ್ಸರಿಯಾಂವ ಎರಡನೇ ಸಲ ನಿಂತಾಗ’. ನಾವು ಈ ಊರಿಗೆ ಬಂದದ್ದು ಯಾವಾಗ ಎಂದು ಅವರು ಕೇಳಿದಾಗ ನಾನು ಇಸವಿಯನ್ನು ಹೇಳಿದೆ. ಅವರು ಕಣ್ಣು ಮುಚ್ಚಿ ಸ್ವಲ್ಪ ಯೋಚಿಸಿ, “ಹಾಂ, ಆ ಬ್ಯಾಂಕಿನಾಂವ ಮೇಯರ್ ಆದ ವರ್ಷ ಬಂದೀರಿ ನೀವು. ಅಂವಾ ಗುಡ್ಡದ ಕಡೆ ಹೊಳ್ಳಿ ಸೈತ ನೋಡ್ಲಿಲ್ಲ ಬಿಡ್ರಿ” ಎಂದರು.

ನಮ್ಮದು ಅಮೆರಿಕದ ಸ್ಯಾನ್ ಡಿಯೆಗೊದ ಉತ್ತರಕ್ಕಿರುವ ಚಿಕ್ಕ ನಗರ. ಕಡಲತೀರದ ಕಾರ್ಲ್ಸ್‌ಬಾಡ್‌ನಿಂದ ಒಳನಾಡಿನ ಕಡೆಗೆ ಸ್ವಲ್ಪ ದೂರ. ಫ್ರೀವೇ ಪಕ್ಕದಲ್ಲಿ ಹಳೆಯ ಪೇಟೆಯಿದೆ. ಅದರ ಹಿಂದೆ ಒಂದು ಗುಡ್ಡವಿದೆ. ಗುಡ್ಡದ ಮೇಲೆ ನಮ್ಮಂಥವರ ಮನೆಗಳಿವೆ. ಹತ್ತುವುದಕ್ಕೂ ಇಳಿಯುವುದಕ್ಕೂ ಇರುವುದು ಒಂದೇ ರಸ್ತೆ. ಗುಡ್ಡದ ಹಿಂಬದಿಯಲ್ಲಿ ಒಂದು ಮಣ್ಣಿನ ದಾರಿ ಇದೆ. ಹಿಂದೆ ಕುದುರೆ ಸಾಕುತ್ತಿದ್ದವರ ಕಾಲದ್ದು. ಅದು ಇಳಿದು ಕೆಳಗಿನ ಒಂದು ಸಿರಿವಂತರ ಬೀದಿಯನ್ನು ಸೇರುತ್ತದೆ. ಅಲ್ಲಿಗೆ ಒಂದು ಗೇಟು, ಗೇಟಿಗೆ ಬೀಗ. ಆ ದಾರಿಗೆ ಡಾಂಬರು ಹಾಕಿ, ಆ ಗೇಟನ್ನು ತೆಗೆಯಬೇಕು ಎಂಬುದೊಂದೇ ಮುಳಗುಂದ ಅಂಕಲ್ ಅವರ ರಾಜಕೀಯ ಸಿದ್ಧಾಂತ. ಅವರಿಗೆ ಬೇರೆ ಪಕ್ಷವಿರಲಿಲ್ಲ.

ಪೂರ್ಣ ಹೆಸರು ಗುರುಪಾದಪ್ಪ ಮುಳಗುಂದ. ಗದಗಿನ ಕಡೆಯವರು, ಟೆಲಿಕಾಂ ಕಂಪನಿಯೊಂದರಲ್ಲಿ ದುಡಿದು ನಿವೃತ್ತರಾದವರು. ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಾನು ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಅವರು ತಾವಾಗಿಯೇ ಬಂದು ಕುರ್ಚಿಗಳನ್ನು ಸಾಲಾಗಿ ಇಟ್ಟು, ಪಕ್ಕದ ಕೋಣೆಯಲ್ಲಿ ಹಳೆಯ ಸ್ಥಳೀಯ ಪತ್ರಿಕೆಗಳನ್ನು ಓದುತ್ತ ಕೂರುತ್ತಿದ್ದರು. ತಮ್ಮ ಕಡೆ ಶಿಕ್ಷಕಿಯರನ್ನು ಕರೆಯುವಂತೆ ನನ್ನನ್ನು ‘ಅಕ್ಕೋರೆ’ ಎನ್ನುತ್ತಿದ್ದರು. ದಾವಣಗೆರೆಯ ಪ್ರೌಢಶಾಲೆಯಲ್ಲಿ ಬಹಳ ಕಾಲ ಪಾಠ ಮಾಡಿದ ನನಗೆ ಅಮೆರಿಕದಲ್ಲಿ ಆ ಪದವಿಯನ್ನು ಮರಳಿಸಿದವರು ಅವರೊಬ್ಬರೇ.

ಪಾಠ ಮುಗಿದ ಮೇಲೆ ನನಗೆ ಅವರ ಪಾಠ ಆರಂಭವಾಗುತ್ತಿತ್ತು. ನಮ್ಮ ಸಿಟಿ ಕೌನ್ಸಿಲ್‌ಗೆ ಐದು ಸೀಟು. ಮೊದಲು ಐದಕ್ಕೂ ಇಡೀ ಊರು ಮತ ಹಾಕುತ್ತಿತ್ತು. ಪೇಟೆಯಲ್ಲಿ ಮತಗಳು ಹೆಚ್ಚು. ಆದ್ದರಿಂದ ಗುಡ್ಡದವರು ಯಾರೂ ಎಂದೂ ಗೆಲ್ಲಲಿಲ್ಲ. ಹೂವಿನ ನರ್ಸರಿಯವನು ಎರಡು ಸಲ ನಿಂತ. ಶಾಲೆಯ ಬಸ್ಸು ಓಡಿಸುತ್ತಿದ್ದ ಹೆಂಗಸು ನಿಂತಳು. ಡೆಂಟಿಸ್ಟ್ ನಿಂತಾಗ ಗೆಲುವು ಹತ್ತಿರವಿತ್ತು. ಆದರೆ ಅದೇ ವರ್ಷ ಗುಡ್ಡದಿಂದಲೇ ಇನ್ನೊಬ್ಬನೂ ನಿಂತು ಮತಗಳನ್ನು ಹಂಚಿಕೊಂಡ. ಈ ಘಟ್ಟಕ್ಕೆ ಬಂದಾಗಲೆಲ್ಲ ಅಂಕಲ್ ತಮ್ಮ ಮನೆಯವರೇ ಸೋತಂತೆ ನಿಟ್ಟುಸಿರು ಬಿಡುತ್ತಿದ್ದರು. “ಇಬ್ಬರೂ ನಮ್ಮವರs ರೀ ಅಕ್ಕೋರೆ. ಒಬ್ಬಾಂವ ಹಿಂದ ಸರದಿದ್ರ ಇಷ್ಟೊತ್ತಿಗೆ ಗೇಟ್ ತಗೀತಿತ್ತು.”

ಆಮೇಲೆ ಕಾನೂನಿನ ಒತ್ತಡಕ್ಕೆ ಮಣಿದು ನಗರವನ್ನು ಐದು ವಾರ್ಡುಗಳಾಗಿ ವಿಂಗಡಿಸಿದರು. ಗುಡ್ಡಕ್ಕೆ ತನ್ನದೇ ಆದ ಒಂದು ಸೀಟು ಬಂತು. ಆ ದಿನ ಅಂಕಲ್ ಮಕ್ಕಳಿಗೆಲ್ಲ ಪೇಡೆ ಹಂಚಿದರು. ಯಾಕೆಂದು ಒಂದು ಮಗು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರಿಸಿದರು: “ನಮ್ಮ ಗುಡ್ಡಕ್ಕ ಬಾಯಿ ಬಂತವ್ವಾ.”

ರಸ್ತೆ ಅವರಿಗೆ ಕೇವಲ ವಾದದ ವಿಷಯವಾಗಿರಲಿಲ್ಲ. ಅವರ ಹೆಂಡತಿ ಸುಶೀಲಮ್ಮನವರಿಗೆ ಶ್ವಾಸಕೋಶದ ಕಾಯಿಲೆ. ಆಕ್ಸಿಜನ್ ಯಂತ್ರವಿಲ್ಲದೆ ಒಂದು ಗಂಟೆಯನ್ನು ಕಳೆಯುವುದೂ ಕಷ್ಟ. ಕೊರೊನಾ ಬರುವ ಮೊದಲಿನ ಶರತ್ಕಾಲದಲ್ಲಿ, ಮರುಭೂಮಿಯ ಕಡೆಯಿಂದ ಬಿಸಿಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ, ಕಾಡ್ಗಿಚ್ಚು ಹತ್ತಿರ ಬರುತ್ತಿದೆ, ಗುಡ್ಡವನ್ನು ತೆರವು ಮಾಡಬೇಕೆಂಬ ಆದೇಶ ಎಲ್ಲರ ಫೋನುಗಳಿಗೂ ಒಟ್ಟಿಗೆ ಬಂತು. ಎಲ್ಲ ಕಾರುಗಳೂ ಆ ಒಂದೇ ರಸ್ತೆಗೆ ಇಳಿದವು ಮತ್ತು ಅಲ್ಲಿಯೇ ನಿಂತವು. ನಮ್ಮ ಕಾರಿನ ಮುಂದೆ ಅವರ ಕಾರಿತ್ತು. ಹೊಗೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅಂಕಲ್ ಕೆಳಗಿಳಿದು ಹೆಂಡತಿಯ ಬಾಗಿಲ ಬಳಿ ಬಂದು, ಸಣ್ಣ ಆಕ್ಸಿಜನ್ ಸಿಲಿಂಡರಿನ ಮಾಪಕದ ಮುಳ್ಳನ್ನು ನೋಡಿ, ಮತ್ತೆ ಮುಂದಿನ ಸಾಲನ್ನು ನೋಡುತ್ತಿದ್ದರು. ಸುಶೀಲಮ್ಮನವರು ಕಿಟಕಿಯ ಗಾಜಿನ ಹಿಂದಿನಿಂದಲೇ, ಸುಮ್ಮನೆ ಬಂದು ಒಳಗೆ ಕೂರುವಂತೆ ಅವರಿಗೆ ಕೈಸನ್ನೆ ಮಾಡುತ್ತಿದ್ದರು. ಕೊನೆಗೆ ಗಾಳಿ ದಿಕ್ಕು ಬದಲಿಸಿತು. ಒಂದು ಮನೆಯೂ ಸುಡಲಿಲ್ಲ, ಒಬ್ಬರೂ ಸಾಯಲಿಲ್ಲ. ಆದ್ದರಿಂದ ಆ ಮಧ್ಯಾಹ್ನವನ್ನು ಊರು ಬಹಳ ಬೇಗ ಮರೆಯಿತು.

ಮರುವರ್ಷ, 2020ರಲ್ಲಿ, ಗುಡ್ಡದ ಸೀಟಿನ ಮೊದಲ ಚುನಾವಣೆಗೆ ಅಂಕಲ್ ತಾವೇ ನಿಂತರು. ಮನೆಮನೆಗೆ ಹೋಗುವಂತಿರಲಿಲ್ಲ. ಮಾಸ್ಕ್ ಹಾಕಿಕೊಂಡು, ಫುಟ್‌ಪಾತಿನಲ್ಲಿ ನಿಂತು, ಬಾಗಿಲು ತೆರೆದವರಿಗೆ ಕೂಗಿ ಹೇಳಬೇಕಾಗಿತ್ತು. ಹುಲ್ಲುಹಾಸಿನಲ್ಲಿ ನೆಡುವ ಬೋರ್ಡುಗಳ ಮೇಲೆ ಪೂರ್ಣ ಹೆಸರು ಹಿಡಿಸುವುದಿಲ್ಲವೆಂದು ಅಚ್ಚಿನವನು ‘ಗುರು’ ಎಂದಷ್ಟೇ ದೊಡ್ಡದಾಗಿ ಹಾಕಿಕೊಟ್ಟ. ಯೋಗದ ಕ್ಲಾಸು ಎಷ್ಟು ಹೊತ್ತಿಗೆ ಎಂದು ಕೇಳಿ ಅವರಿಗೆ ಫೋನುಗಳು ಬಂದವು.

“ನೀವೇನು ಹೇಳಿದಿರಿ?” ಎಂದು ಕೇಳಿದೆ.

“ಆಸನಾ ಆಮ್ಯಾಲ ಕಲಸ್ತೀನಿ, ಮೊದಲ ಗೇಟ್ ತಗಸೂಣು ಅಂದೆ.”

“ಅಷ್ಟು ಹೊತ್ತಿಗೆ ಅವರು ಫೋನ್ ಇಟ್ಟಿರುತ್ತಾರೆ.”

“ಒಬ್ಬಾಕಿ ಇಟ್ಟಿಲ್ರೀ. ವೋಟ್ ಹಾಕ್ತೀನಿ ಅಂದ್ಲು.”

ಸುಶೀಲಮ್ಮನವರು ಒಳಗಿನಿಂದ, “ಆಕಿ ಬ್ಯಾರೆ ಊರಾಕೀರೀ. ಅದನ್ನ ಹೇಳಂಗಿಲ್ಲ ಇವರು” ಎಂದರು.

ರಿಯಲ್ ಎಸ್ಟೇಟ್ ಏಜೆಂಟ್ ಒಬ್ಬ ಗೆದ್ದ. ಅವನೂ ರಸ್ತೆ ಮಾಡಿಸುತ್ತೇನೆಂದು ಹೇಳಿಯೇ ಗೆದ್ದಿದ್ದ. ನಾಲ್ಕು ವರ್ಷ ಸಮೀಕ್ಷೆ ಮಾಡಿಸುತ್ತಲೇ ಕಳೆದ. ಅಂಕಲ್ ಕೌನ್ಸಿಲ್‌ನ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಅಷ್ಟರಲ್ಲಿ ವಿಮಾ ಕಂಪನಿಯು ಬೆಂಕಿಯ ಭಯದಿಂದ ಅವರ ಮನೆಯ ವಿಮೆಯನ್ನು ನವೀಕರಿಸಲಿಲ್ಲ. ಡಾಕ್ಟರು, ಇನ್ನೊಮ್ಮೆ ಹಾಗೆ ಹೊಗೆಯಲ್ಲಿ ಸಿಕ್ಕಿಕೊಂಡರೆ ತಾನು ಹೊಣೆಯಲ್ಲ, ಬೇರೆಡೆಗೆ ಹೋಗಿ ಎಂದರು. ಸುಶೀಲಮ್ಮನವರು ಮನೆ ಬಿಡಲೊಪ್ಪಲಿಲ್ಲ. ಹಿತ್ತಿಲಲ್ಲಿ ಅವರು ಬೆಳೆಸಿದ ಕರಿಬೇವು ಸೂರಿನ ಎತ್ತರಕ್ಕೆ ಬೆಳೆದಿತ್ತು. ಗುಡ್ಡದ ಎಲ್ಲ ಮನೆಗಳ ಒಗ್ಗರಣೆಗೂ ಅಲ್ಲಿಂದಲೇ ಎಲೆ ಹೋಗುತ್ತಿತ್ತು. ಗಂಡಹೆಂಡಿರ ನಡುವೆ ಒಂದು ಒಪ್ಪಂದವಾಯಿತು. ರಸ್ತೆಯಾದರೆ ಇಲ್ಲಿ, ಆಗದಿದ್ದರೆ ಲಾಸ್ ಏಂಜಲೀಸಿನ ಪಕ್ಕದ ಬರ್ಬ್ಯಾಂಕಿನಲ್ಲಿರುವ ಮಗಳ ಮನೆಯ ಹತ್ತಿರ.

2024ರಲ್ಲಿ ಏಜೆಂಟ್ ಮತ್ತೆ ನಿಲ್ಲುವುದಿಲ್ಲವೆಂದ. ಅಂಕಲ್ ಚುನಾವಣೆಗೆ ನಿಲ್ಲುವ ಅರ್ಜಿಗೆ ಬೇಕಾದ ಸಹಿಗಳನ್ನೆಲ್ಲ ಸಂಗ್ರಹಿಸಿದರು. ಆಗ ಕಿರಣ್ ಎಂಬ ತರುಣನೂ ನಿಲ್ಲುವ ಮನಸ್ಸು ಮಾಡಿದ್ದಾನೆಂದು ಸುದ್ದಿ ಬಂತು. ಬೆಂಗಳೂರಿನವನು, ಬಯೋಟೆಕ್ ಕಂಪನಿಯಲ್ಲಿ ಮ್ಯಾನೇಜರ್, ಮಾತುಗಾರ, ಗುಡ್ಡದಲ್ಲೇ ಮನೆ.

ಇಲ್ಲಿ ನಮ್ಮ ಕನ್ನಡ ಸಂಘದ ಒಂದು ಪದ್ಧತಿಯನ್ನು ಹೇಳಬೇಕು. ಸಂಘದ ಅಧ್ಯಕ್ಷರನ್ನು ನಾವು ಚುನಾಯಿಸುವುದಿಲ್ಲ. ಹಿರಿಯರೊಬ್ಬರ ಮನೆಯಲ್ಲಿ ತಿಂಡಿಗೆ ಸೇರುತ್ತೇವೆ. ಇಬ್ಬರು ಆಸಕ್ತರಿದ್ದರೆ ಒಬ್ಬರನ್ನು ಒಳಗಿನ ಕೋಣೆಗೆ ಕರೆದು ಮಾತಾಡುತ್ತಾರೆ. ಅವರು ನಗುತ್ತ ಹೊರಬಂದು ಇನ್ನೊಬ್ಬರ ಹೆಸರನ್ನು ಸೂಚಿಸುತ್ತಾರೆ. ಚಪ್ಪಾಳೆ, ಕಾಫಿ. ಇದಕ್ಕೆ ನಾವು ಒಮ್ಮತ ಎನ್ನುತ್ತೇವೆ. ಇದರ ಬಗ್ಗೆ ನಮಗೆ ಹೆಮ್ಮೆಯೂ ಇದೆ. ಅದೇ ಪದ್ಧತಿಯನ್ನು ನಮ್ಮವರು ಸಿಟಿ ಕೌನ್ಸಿಲ್‌ಗೂ ಹೊಂದಿಸಿದರು.

ಸಂಘದ ಮಾಜಿ ಅಧ್ಯಕ್ಷರಾದ ಶ್ರೀಕಂಠ ಅವರ ಮನೆಯಲ್ಲಿ ಶನಿವಾರ ಬೆಳಗ್ಗೆ ಉಪ್ಪಿಟ್ಟು, ಕೇಸರಿಬಾತು. ಸುಶೀಲಮ್ಮನವರ ಗಾಲಿಕುರ್ಚಿಯನ್ನು ತಳ್ಳಿಕೊಂಡು ನಾನೂ ಹೋಗಿದ್ದೆ. ಆಗ ನನ್ನ ಬಳಿ ಗ್ರೀನ್ ಕಾರ್ಡ್ ಮಾತ್ರವಿತ್ತು, ಪೌರತ್ವವಿರಲಿಲ್ಲ. ನನಗೆ ಮತವೂ ಇರಲಿಲ್ಲ, ಮಾತೂ ಇರಲಿಲ್ಲ.

ಅಂಕಲ್‌ರನ್ನು ಒಳಗಿನ ಕೋಣೆಗೆ ಕರೆಯುವ ಅಗತ್ಯವೇ ಬೀಳಲಿಲ್ಲ. ಶ್ರೀಕಂಠ ಅವರು, “ಅಂಕಲ್, ಇಬ್ಬರೂ ನಿಂತ್ರೆ ವೋಟ್ ಸ್ಪ್ಲಿಟ್ ಆಗುತ್ತೆ. ಮೂರನೆಯವನು ಬಂದು ತಗೊಂಡ್ ಹೋಗ್ತಾನೆ. ನಮಗಿಂತ ನಿಮಗೆ ಚೆನ್ನಾಗಿ ಗೊತ್ತು” ಎಂದರು.

ಅವರಿಗೆ ಗೊತ್ತಿತ್ತು. ಡೆಂಟಿಸ್ಟ್ ಸೋತ ಕಥೆಯನ್ನು ಆ ಕೋಣೆಯಲ್ಲಿದ್ದ ಎಲ್ಲರಿಗೂ ಹೇಳಿದವರು ಅವರೇ. ಉಪ್ಪಿಟ್ಟಿನ ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕಿರಣ್‌ನನ್ನು ಕೇಳಿದರು: “ರಸ್ತೆ ಮಾಡ್ತಿಯೇನಪಾ?”

“ಅದೇ ನನ್ನ ಫಸ್ಟ್ ಐಟಂ ಅಂಕಲ್. ನನ್ನ ಮಕ್ಕಳೂ ಇಲ್ಲೇ ಇದ್ದಾರಲ್ಲ.”

“ಎಲ್ಲಾರ ಮುಂದ ಹೇಳಿದಿ ನೋಡು.”

“ಹೇಳ್ದೆ ಅಂಕಲ್. ನಿಮ್ಮ ಆಶೀರ್ವಾದ ಬೇಕು” ಎಂದು ಅವನು ಬಗ್ಗಿ ಕಾಲು ಮುಟ್ಟಿದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಸುಶೀಲಮ್ಮನವರು ಮಾತ್ರ ನನ್ನ ಕಡೆ ಬಾಗಿ, “ಸೋತ್ರೂ ಇವರು ನಿಲ್ಲಬೇಕಿತ್ತರೀ” ಎಂದರು.

ಆಮೇಲೆ ನಡೆದದ್ದನ್ನು ಯಾರೂ ಊಹಿಸಿರಲಿಲ್ಲ. ಮೂರನೆಯವನು ಬರಲಿಲ್ಲ. ಹಾಲಿ ಸದಸ್ಯ ನಿಲ್ಲದೆ ಇದ್ದುದರಿಂದ ನಿಯಮದಂತೆ ಅರ್ಜಿಯ ಅವಧಿಯನ್ನು ಕೆಲವು ದಿನ ವಿಸ್ತರಿಸಿದರು, ಆಗಲೂ ಬರಲಿಲ್ಲ. ಆ ದಿನಗಳಲ್ಲಿ ನಾನು ಅಂಕಲ್‌ಗೆ ಫೋನ್ ಮಾಡಿ, “ನಿಮ್ಮ ಅರ್ಜಿ ಸಿದ್ಧವಾಗಿದೆ, ಇನ್ನೂ ಸಮಯವಿದೆ, ಹೋಗಿ ಕೊಟ್ಟುಬಿಡಿ” ಎಂದೆ.

“ಮಾತು ಕೊಟ್ಟೀನಲ್ರೀ ಅಕ್ಕೋರೆ.”

“ಮತ ಒಡೆಯುತ್ತದೆಂದು ತಾನೇ ಮಾತು ಕೊಟ್ಟಿರಿ? ಒಡೆಯಲು ಬೇರೆ ಯಾರೂ ಇಲ್ಲ. ನೀವಿಬ್ಬರೇ ನಿಲ್ಲುತ್ತೀರಿ, ಯಾರು ಗೆದ್ದರೂ ರಸ್ತೆ.”

“ನೀವು ಹೇಳೂದು ಖರೆ. ಆದ್ರ ಚಪ್ಪಾಳಿ ಹೊಡದಾರಲ್ರೀ ಎಲ್ಲಾರೂ” ಎಂದರು.

ಒಬ್ಬನೇ ಅಭ್ಯರ್ಥಿಯಿದ್ದರೆ ಚುನಾವಣೆಯನ್ನು ರದ್ದುಪಡಿಸಿ ಅವನನ್ನೇ ನೇಮಿಸಬಹುದೆಂಬ ನಿಯಮ ಇಲ್ಲಿದೆ. ಕೌನ್ಸಿಲ್ ಹಾಗೆಯೇ ಮಾಡಿತು. ಅಕ್ಟೋಬರಿನಲ್ಲಿ ಅಂಚೆಯ ಮತಪತ್ರಗಳು ಬಂದಾಗ ಅಂಕಲ್ ಫೋನ್ ಮಾಡಿದರು. ದೇಶದ ಅಧ್ಯಕ್ಷರಿಂದ ಹಿಡಿದು ಶಾಲಾ ಮಂಡಳಿಯವರೆಗೆ ಎಲ್ಲ ಹುದ್ದೆಗಳೂ ಅದರಲ್ಲಿದ್ದವು. “ನಮ್ಮ ಸೀಟು ಒಂದs ಇಲ್ರೀ” ಎಂದರು. “ಹಿಂದೂ ಮುಂದೂ ತಿರುವಿ ನೋಡಿದೆ.”

ರಸ್ತೆಯ ವಿಷಯ ಮುಂದಿನ ವರ್ಷ ಕೌನ್ಸಿಲ್‌ನ ಮತಕ್ಕೆ ಬಂತು. ಲಾಸ್ ಏಂಜಲೀಸಿನ ಸುತ್ತಮುತ್ತ ಸಾವಿರಾರು ಮನೆಗಳು ಸುಟ್ಟುಹೋದ ಚಳಿಗಾಲ ಆಗತಾನೇ ಮುಗಿದಿತ್ತು. ಈಗಲಾದರೂ ಆಗುತ್ತದೆ ಎಂದು ಎಲ್ಲರೂ ನಂಬಿದ್ದೆವು. ಗೇಟಿನಾಚೆಯ ಬೀದಿಯವರು ವಕೀಲರೊಂದಿಗೆ ಬಂದಿದ್ದರು. ಅಂಕಲ್ ಸಾರ್ವಜನಿಕರಿಗೆ ಮಾತಾಡಲು ಸಿಗುವ ಮೂರು ನಿಮಿಷದಲ್ಲಿ, ಅಂದು ಕಾರಿನ ಸಾಲಿನಲ್ಲಿ ತಾವು ನೋಡುತ್ತಿದ್ದ ಮುಳ್ಳಿನ ಬಗ್ಗೆ ಹೇಳಿದರು. ಬೇರೇನನ್ನೂ ಹೇಳಲಿಲ್ಲ. ಇಬ್ಬರು ಸದಸ್ಯರು ರಸ್ತೆಯ ಪರ, ಇಬ್ಬರು ವಿರುದ್ಧ. ಉಳಿದವನು ಕಿರಣ್. ಇನ್ನೊಂದು ಅಧ್ಯಯನ ಅಗತ್ಯವೆಂದು ವಿವರವಾಗಿ ಮಾತಾಡಿ ಅವನು ವಿರುದ್ಧ ಮತ ಹಾಕಿದ.

ಪಾರ್ಕಿಂಗ್ ಜಾಗದಲ್ಲಿ ಅವನೇ ಓಡಿಬಂದ. “ಬೇಜಾರ್ ಮಾಡ್ಕೋಬೇಡಿ ಅಂಕಲ್. ಅವರು ಕೇಸ್ ಹಾಕಿದ್ರೆ ಸಿಟಿ ತಡ್ಕೊಳಲ್ಲ. ನಾನು ಊರು ಪೂರ್ತಿ ನೋಡಬೇಕಲ್ವಾ?”

“ನೋಡಬೇಕಪಾ, ನೋಡಬೇಕು.”

“ನೆಕ್ಸ್ಟ್ ಟರ್ಮ್‌ನಲ್ಲಿ ಖಂಡಿತ.”

ಅಂಕಲ್ ಕಾರಿನ ಬಾಗಿಲು ತೆರೆದು ಹಾಗೆಯೇ ನಿಂತರು. “ತಪ್ಪು ನಿಂದಲ್ಲ” ಎಂದರು. “ನೀ ಯಾರ ಮನಿ ಬಾಗಲಕ್ಕೂ ಹೋಗಿ ವೋಟ್ ಕೇಳೇ ಇಲ್ಲ. ಕೇಳಿದ್ರ ಕೊಟ್ಟೋರಾದ್ರೂ ನಿನ್ನ ಹಿಡದು ನಿಲ್ಲಸ್ತಿದ್ರು. ನಾವು ಉಪ್ಪಿಟ್ಟು ತಿಂದು ನಿನ್ನ ಕಳಿಸಿದಿವಿ.”

ಮುಂದಿನ ತಿಂಗಳು ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಕಿರಣ್‌ಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಅಂಕಲ್ ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಂತೆ ಚಪ್ಪಾಳೆ ತಟ್ಟಿದರು.

ಒಪ್ಪಂದದಂತೆ ಅವರು ಮನೆ ಮಾರಿದರು. ಕೊಂಡವರು ಹಿತ್ತಿಲಿಗೆ ಕಲ್ಲು ಹಾಸಿದ್ದಾರೆ. ಈಗ ಅಲ್ಲಿ ಕರಿಬೇವಿಲ್ಲ. ಗ್ರಂಥಾಲಯದಲ್ಲಿ ಕುರ್ಚಿಗಳನ್ನು ನಾನೇ ಸಾಲಾಗಿಡುತ್ತೇನೆ.

ಈ ವರ್ಷ ನನಗೆ ಪೌರತ್ವ ಸಿಕ್ಕಿತು. ಅದನ್ನು ಅವರಿಗೆ ಎದುರಿಗೇ ಹೇಳಬೇಕೆಂದು ಬರ್ಬ್ಯಾಂಕಿಗೆ ಹೋದೆ. ಸಿನಿಮಾ ಸ್ಟುಡಿಯೊ ಒಂದರ ಉದ್ದನೆಯ ಗೋಡೆಗೆ ಎದುರಾಗಿರುವ ಅಪಾರ್ಟ್‌ಮೆಂಟು. ಕಿಟಕಿಯ ಬಳಿ ಸುಶೀಲಮ್ಮನವರು, ಪಕ್ಕದಲ್ಲಿ ಆಕ್ಸಿಜನ್ ಯಂತ್ರದ ಗೊರಗೊರ ಸದ್ದು, ಅದರ ಬಳಿ ಆ ಸಣ್ಣ ಸಿಲಿಂಡರು. ಅವರು ಕೈ ಎತ್ತಿ ನಕ್ಕರು. ಈಗ ಹೆಚ್ಚು ಮಾತಾಡುವುದಿಲ್ಲ ಎಂದು ಅಂಕಲ್ ಹೇಳಿದರು.

“ಇನ್ನು ಮುಂದೆ ನಾನೂ ಮತ ಹಾಕಬಹುದು” ಎಂದೆ.

“ಚಲೋ ಆತು. ಗುಡ್ಡದ ಸೀಟು ಬರೂದು ಇನ್ನೂ ಎರಡು ವರ್ಷಕ್ಕ” ಎಂದವರೇ ಕೇಳಿದರು: “ಯಾರಿಗೆ ಹಾಕ್ತೀರಿ? ನಿಲ್ಲೋರು ಯಾರದಾರ?”

ಉತ್ತರಕ್ಕಾಗಿ ಅವರು ಕಾಯಲಿಲ್ಲ. ಮೇಜಿನ ಮೇಲೆ ಅವರ ಹೆಸರಿಗೆ ಬಂದ ಇಲ್ಲಿಯ ಮತಪತ್ರದ ಲಕೋಟೆಯಿತ್ತು. ತೆರೆದಿರಲಿಲ್ಲ. ಅದರ ಮೇಲೆ ಚಹಾದ ಲೋಟವನ್ನು ಇಟ್ಟಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ತೆಲುಗು ಹೆಂಗಸು ಒಂದು ಡಬ್ಬಿ ಹಿಡಿದು ಬಂದರು. ಹೊಸದಾಗಿ ಬಂದವರಂತೆ. ನೀವು ಇಲ್ಲಿಗೆ ಬಂದು ಎಷ್ಟು ಕಾಲವಾಯಿತು ಎಂದು ಅಂಕಲ್‌ರನ್ನು ಕೇಳಿದರು. ಅವರು ಕಣ್ಣು ಮುಚ್ಚಿದರು. ಆ ಭಂಗಿ ನನಗೆ ಚೆನ್ನಾಗಿ ಗೊತ್ತಿತ್ತು. ಕೌನ್ಸಿಲ್‌ನಲ್ಲಿ ರಸ್ತೆ ಸೋತ ವರ್ಷ, ಇಲ್ಲವೆ ಗುಡ್ಡದ ಸೀಟಿಗೆ ಮತವೇ ಬೀಳದ ವರ್ಷದ ಮರುವರ್ಷ ಎನ್ನುತ್ತಾರೆಂದು ಕಾದೆ.

“ಹೋದ ಆಗಸ್ಟ್ ತಿಂಗಳು” ಎಂದರು ಅಂಕಲ್, ಮತ್ತು ಎದ್ದು ಸುಶೀಲಮ್ಮನವರ ಸಿಲಿಂಡರಿನ ಮುಳ್ಳನ್ನು ನೋಡಲು ಹೋದರು.