ಯಾರ ಕಣ ಎಂದು ಕೇಳಿದವಳು

ತುಮಕೂರಿಗೆ ಬಂದ ಮೊದಲ ದಿನ, ಹೊಸ ಶಾಲೆಯ ವಿಳಾಸದ ಚೀಟಿ ಹಿಡಿದು, ಎಂಟನೇ ಅಡ್ಡರಸ್ತೆ ಎಲ್ಲಿ ಬರುತ್ತದೆ ಎಂದು ದಿನಸಿ ಅಂಗಡಿಯವನನ್ನು ಕೇಳಿದೆ. "ಅಂಥದ್ದು ಈ ಕಡೆ ಯಾವ್ದೂ ಇಲ್ಲ ಮೇಡಂ" ಅಂದ. ಸುಸ್ತಾಗಿ ತಲೆ ಎತ್ತಿದರೆ ಅವನ ಅಂಗಡಿ ಗೋಡೆಗೇ ಬೋರ್ಡು ಹೊಡೆದಿದ್ದಾರೆ: ಎಂಟನೇ ಅಡ್ಡರಸ್ತೆ. ತೋರಿಸಿದೆ. ಅವನು ಕತ್ತು ಹೊರಗೆ ಚಾಚಿ, ಜನ್ಮದಲ್ಲಿ ಮೊದಲ ಸಲ ನೋಡುವವನ ಹಾಗೆ ಓದಿದ. "ಓ, ಇದಾ! ಇದು ಪಾದ್ರಿ ಬೀದಿ ಅಲ್ವಾ? ಹಂಗೆ ಕೇಳ್ಬೇಕಪ್ಪ!" ಎಂದು ನನ್ನನ್ನೇ ಬೈದ.

ಚೇಳೂರಿನ ನನ್ನ ಜನವೇ, ನಗಬೇಡಿ. ನಮ್ಮಲ್ಲಿ ಬಸ್ಸಿಳಿದವರಿಗೆ ವಿಳಾಸವೇ ಬೇಡ. ಯಾರ ಮನೆ ಎಂದರೆ ಸಾಕು, ಯಾರ ಮಗಳು, ಯಾರಿಗೆ ಏನಾಗಬೇಕು ಎಂದು ವಿಚಾರಿಸಿ ಬಾಗಿಲವರೆಗೆ ಬಿಟ್ಟು ಬರುತ್ತಾರೆ. ಮೊದಲು ಕೆಲಸಕ್ಕಿದ್ದ ಕುಣಿಗಲ್ಲಿನಲ್ಲೂ ಕೆರೆ ಏರಿಯಿಂದ ಇತ್ತಲಾಗೆ, ಅತ್ತಲಾಗೆ ಎಂದರೆ ಮುಗಿಯುತ್ತಿತ್ತು. ತುಮಕೂರಿನಲ್ಲಿ ಪ್ರತಿ ಬೀದಿಗೂ ಎರಡು ಹೆಸರು. ಒಂದು ಪೋಸ್ಟ್‌ಮನ್‌ಗೆ, ಇನ್ನೊಂದು ಬದುಕುವವರಿಗೆ. ಈ ಎರಡನೆಯದನ್ನು ಹೊರಗಿನವರಿಗೆ ಯಾರೂ ತಾವಾಗಿ ಹೇಳಿಕೊಡುವುದಿಲ್ಲ.

ನಾನು ಪಿಟಿ ಟೀಚರು. ವಿಷಲ್ ಊದುವುದು, ಹೆಣ್ಣುಮಕ್ಕಳಿಗೆ ಖೋ ಖೋ ಆಡಿಸುವುದು ನನ್ನ ಕೆಲಸ. ಮದುವೆ ಆಗಿಲ್ಲ, ಆ ಕಥೆ ನಿಮಗೆಲ್ಲ ಗೊತ್ತೇ ಇದೆ. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಕೊಡುವವರು ಯಾರು? ಹದಿನೈದು ದಿನ ಅಲೆದೆ. "ಫ್ಯಾಮಿಲಿಗೆ ಮಾತ್ರ" ಎಂದು ಮುಖದ ಮೇಲೆ ಹೇಳಿದರು. ಕೊನೆಗೆ ಪಾದ್ರಿ ಬೀದಿಯ ನಂಜುಂಡಪ್ಪನವರು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಮಹಡಿಯ ಎರಡು ಕೋಣೆ ಬಿಟ್ಟುಕೊಟ್ಟರು. "ಮಗಳಿದ್ದಂಗೆ ಇರಮ್ಮ" ಅಂದರು. ಅವರ ಹೆಂಡತಿ ಪಾರ್ವತಮ್ಮ ಹುರುಳಿ ಸಾರು ಮಾಡಿದ ದಿನ ನನಗೊಂದು ಬಟ್ಟಲು ತಪ್ಪುತ್ತಿರಲಿಲ್ಲ. ಬೆಳಿಗ್ಗೆ ಇಡ್ಲಿ, ರಾತ್ರಿ ಚಪಾತಿ ತಿನ್ನುವ ಆ ಬೀದಿಯಲ್ಲಿ ಮುದ್ದೆಯ ವಾಸನೆ ಬರುತ್ತಿದ್ದದ್ದು ಅವರ ಮನೆಯಿಂದ ಮಾತ್ರ. ನನಗೆ ಅಷ್ಟೇ ಸಾಕಾಗಿತ್ತು. ಆ ಮನುಷ್ಯನನ್ನು ನಾನು ನಂಬಿದೆ. ಹದಿನಾಲ್ಕು ವರ್ಷ ನಂಬಿದೆ.

ಬೀದಿಯ ಕೊನೆಗೆ ಒಂದು ಹಳೆಯ ಚರ್ಚು, ಅದರ ಬೆನ್ನಿಗೆ ಒಂದು ಬಯಲು. ಚರ್ಚಿನ ಪಾದ್ರಿಗಳು ವಾಸವಿದ್ದದ್ದಕ್ಕೆ ಪಾದ್ರಿ ಬೀದಿ ಎಂಬ ಹೆಸರು. ಬಯಲಿಗೆ ಕಣದ ಬಯಲು ಎನ್ನುತ್ತಾರೆ. ನನ್ನ ಶಾಲೆಗೆ ಮೈದಾನವಿಲ್ಲದ್ದರಿಂದ ದಿನಾ ಬೆಳಿಗ್ಗೆ ಆರಕ್ಕೆ ಮಕ್ಕಳನ್ನು ಅಲ್ಲೇ ಆಡಿಸುತ್ತಿದ್ದೆ. ಆ ಮಣ್ಣಲ್ಲಿ ಆಡಿದ ನಾಲ್ವರು ಜಿಲ್ಲಾ ತಂಡಕ್ಕೆ ಹೋದರು. ನನ್ನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ.

ಹೋದ ವರ್ಷ ವಾರ್ಡಿನಲ್ಲಿ ಬೀದಿಗಳ ಹಳೆಯ ಹೆಸರುಗಳ ಬೋರ್ಡು ಹಾಕಿಸುವ ಮಾತು ಬಂತು. ಪ್ರತಿ ಹೆಸರಿನ ಹಿನ್ನೆಲೆ ಬರೆದು, ಬೀದಿಯ ಹಿರಿಯರ ಸಹಿ ಹಾಕಿಸಿ ಕೊಡಬೇಕು. ನಂಜುಂಡಪ್ಪನವರು ನನ್ನ ಕೈಗೆ ಒಂದು ಲಾಂಗ್ ನೋಟ್‌ಬುಕ್ ಕೊಟ್ಟು, "ನಿನ್ನ ಅಕ್ಷರ ಮುತ್ತು ಪೋಣಿಸ್ದಂಗಿದೆ, ನೀನೇ ಬರಿ" ಅಂದರು. ನಾನು ಉಬ್ಬಿಹೋದೆ. ಹೊರಗಿನವಳಿಗೆ ಬೀದಿಯ ಚರಿತ್ರೆ ಬರೆಯಲು ಕೊಟ್ಟರೆ ಇನ್ನೇನು ಬೇಕು ಹೇಳಿ?

ಕಣದ ಬಯಲಿನ ಪುಟ ಬಂದಾಗ ನಾನು ನಮ್ಮೂರಿನ ಬುದ್ಧಿ ತೋರಿಸಿದೆ. ಚೇಳೂರಿನಲ್ಲಿ ರಾಗಿ ಬಡಿಯುವ ಕಣ ಎಂದರೆ ಅದಕ್ಕೊಂದು ಮನೆ ಇರಲೇಬೇಕಲ್ಲ. ಅವರ ಕಣ, ಇವರ ಕಣ. ಯಾರದೂ ಅಲ್ಲದ ಕಣ ನಾನು ಕಂಡೇ ಇರಲಿಲ್ಲ. ಅದಕ್ಕೇ ಪೆನ್ನು ಹಿಡಿದು ಕೇಳಿದೆ: "ಯಾರ ಕಣ ಸಾರ್ ಇದು?"

ಅವರು ಕಾಫಿ ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತು ಬಯಲ ಕಡೆಗೇ ನೋಡಿದರು.

"ನಮ್ಮಜ್ಜಂದು ಅಂತ ಬರ್ಕೊ" ಅಂದರು.

ಬರೆದುಕೊಂಡೆ. ದೇವರಾಣೆ, ಒಂದು ಕ್ಷಣವೂ ಅನುಮಾನ ಬರಲಿಲ್ಲ.

ಮರುದಿನ ಎಸ್ತರಮ್ಮನ ಮನೆಗೆ ಹೋದೆ. ಬೀದಿಯ ಅತ್ಯಂತ ಹಳೆಯ ಜೀವ, ಎಂಬತ್ತು ದಾಟಿದ ಕ್ರೈಸ್ತ ಮುದುಕಿ. ಕಣ್ಣಿಗೆ ಪೊರೆ, ನಾಲಗೆಗೆ ಮಾತ್ರ ಏನೂ ಆಗಿಲ್ಲ. ಅವರ ಬಾಯಲ್ಲಿ "ನಮ್ಮ ಸಭೆ" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಂದು ಚರ್ಚಿಗೆ ಸೇರಿದ ಮನೆಗಳೆಲ್ಲ ಕೂಡಿ ಒಂದು ಸಭೆ.

"ಕಣ ಯಾರ್ದೂ ಅಲ್ಲ ಕಣಮ್ಮ, ಎಲ್ರುದೂ" ಎಂದರು. "ಮೂರು ಬೀದಿಯೋರು ಅಲ್ಲೇ ರಾಗಿ ಬಡೀತಿದ್ರು. ಮುಗಿದ್ಮೇಲೆ ನಮ್ಮ ಸಭೆಯ ಸುಗ್ಗಿ ಹಬ್ಬ. ಪಾದ್ರಿ ಅಯ್ಯನೋರು ಪೀಪಿ ಊದೋರು, ಓಟದ ಪಂದ್ಯ, ಹಗ್ಗ ಜಗ್ಗಾಟ. ಲಿಂಗಾಯ್ತರು, ಸಾಬ್ರು, ನಾವು ಅಂತ ಏನಿಲ್ಲ. ನಾನೂ ಓಡಿದೀನಿ ಲಂಗ ಎತ್ಕಟ್ಕೊಂಡು. ಮೊದಲ್ನೇ ಬಹುಮಾನ, ಒಂದು ಕಂಚಿನ ಲೋಟ!"

ಎಲ್ಲವನ್ನೂ ಬರೆದುಕೊಂಡೆ. ನಂಜುಂಡಪ್ಪನವರು ಓದಿ, "ಚೆನ್ನಾಗದೆ. ಆದ್ರೆ ಇದು ಮುದುಕಿ ನೆನಪು, ದಾಖ್ಲೆ ಅಲ್ವಲ್ಲಮ್ಮ. ಕಣದ ಪುಟಕ್ಕೆ ಬೇಡ ಬುಡು" ಅಂದರು. ಎಂಥ ಪೆದ್ದಿ ನಾನು! ಬಿಟ್ಟೆ. ಹಾಳೆ ಮಡಿಚಿ ಟ್ರಂಕಿನಲ್ಲಿಟ್ಟೆ. ಸಹಿಗೆ ಹೋದಾಗ ಎಸ್ತರಮ್ಮ, "ಓದೋದೇನು, ನೀನೇ ಬರ್ದಿದೀಯಲ್ಲ ಟೀಚರಮ್ಮ, ಸರಿಯಾಗೇ ಇರ್ತದೆ" ಎಂದು ತಡವರಿಸಿ ಸಹಿ ಹಾಕಿದರು. ಅವರ ಬೆರಳು ಹಿಡಿದು ಜಾಗ ತೋರಿಸಿದವಳು ನಾನೇ.

ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಯಲಿಗೆ ಹೋದರೆ ಸುತ್ತ ಕಲ್ಲುಕಂಬ, ಮುಳ್ಳುತಂತಿ. ನನ್ನ ಹುಡುಗಿಯರು ಶೂ ಹಾಕಿಕೊಂಡು ತಂತಿಯ ಹೊರಗೆ ನಿಂತಿದ್ದರು. ಕಂಬಕ್ಕೆ ಒಂದು ನೋಟಿಸು: ಈ ಜಾಗ ನಂಜುಂಡಪ್ಪನವರ ಪಿತ್ರಾರ್ಜಿತ ಆಸ್ತಿ, ಖಾತೆಗೆ ಅರ್ಜಿ ಹಾಕಿದ್ದಾರೆ, ತಕರಾರಿದ್ದರೆ ತಿಳಿಸಿ. ಜೊತೆಗೆ ಪುರಾವೆಯ ಜೆರಾಕ್ಸು. ಅದರಲ್ಲಿದ್ದದ್ದು ನನ್ನ ಅಕ್ಷರ. ಕೆಳಗೆ ಹನ್ನೊಂದು ಸಹಿ.

ಓಡಿ ಮನೆಗೆ ಬಂದೆ. ಅವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

"ಏನ್ ಸಾರ್ ಇದು?"

"ಯಾಕಮ್ಮ ಏದುಸಿರು? ನಾನೇನು ಸುಳ್ಳು ಬರೆಸಿದ್ನಾ? ಕೇಳ್ದೋಳು ನೀನು, ಬರೆದೋಳು ನೀನು."

"ನಿಮ್ಮಜ್ಜಂದು ಅಂತ ನೀವಂದ್ರಿ!"

"ಅಂದೆ. ಹನ್ನೊಂದು ಜನ್ದಲ್ಲಿ ಒಬ್ರಾದ್ರೂ ಅಲ್ಲ ಅಂದ್ರಾ?" ಎಂದು ಪುಟ ತಿರುವಿದರು.

ದಿನಾ ಕಾಫಿ ತರುತ್ತಿದ್ದ ಪಾರ್ವತಮ್ಮ ಅಡುಗೆಮನೆ ಬಿಟ್ಟು ಬರಲಿಲ್ಲ. ಮಗಳಿದ್ದ ಹಾಗಂತೆ, ಮಗಳು! ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಉಣ್ಣಲಿಕ್ಕಿದವರೇ ಕತ್ತು ಕೊಯ್ದರೆ ಏನು ಮಾಡಬೇಕೆಂದು ಯಾರೂ ಹೇಳಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆ ಬಂತು. ಬೇರೆ ಮನೆ ಸಿಗದೆ ಈಗಲೂ ಅದೇ ಮಹಡಿಯಲ್ಲಿದ್ದೇನೆ. ಮೆಟ್ಟಿಲು ಹತ್ತಬೇಕಾದರೆ ಅವರ ಬಾಗಿಲ ಮುಂದೆಯೇ ಹಾಯಬೇಕು.

ಊರಿಗೆ ಬಂದು ಅಣ್ಣನ ಹತ್ತಿರ ಹೇಳಿಕೊಂಡೆ. "ಬಂದ್ಬುಡು ವಾಪಸ್ಸು, ಆ ಊರೇನು ನಿಂದಾ?" ಅಂದ. ಅದೇ ಸಂಜೆ ಬಂದ ನೆಂಟರಿಗೆ ನನ್ನನ್ನು ತೋರಿಸಿ, "ಇವ್ಳು ತುಮಕೂರೋಳು, ಮುದ್ದೆಗಿದ್ದೆ ಸೇರ್ತದೋ ಇಲ್ವೋ" ಎಂದು ತಮಾಷೆ ಮಾಡಿದ. ನಾನು ನಕ್ಕೆ. ರಾತ್ರಿ ನಿದ್ದೆ ಹತ್ತಲಿಲ್ಲ, ಬೆಳಗಿನ ಮೊದಲ ಬಸ್ಸಿಗೇ ಹೊರಟುಬಿಟ್ಟೆ.

ನೇರ ಎಸ್ತರಮ್ಮನ ಮನೆಗೆ ಹೋಗಿ, ಟ್ರಂಕಿನ ಹಾಳೆಯ ವಿಷಯ, ಬಿಟ್ಟದ್ದರ ವಿಷಯ, ಅವರ ಸಹಿಯ ವಿಷಯ ಎಲ್ಲ ಒಪ್ಪಿಸಿದೆ. ಕಾಲು ಹಿಡಿಯಲು ಹೋದರೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ನನ್ನ ಕೈಲೇ ನನ್ನ ಬಾಯಿ ಮುಚ್ಚಿಸ್ದಲ್ಲೇ" ಅಂದರು. ಆಮೇಲೆ, "ತಕರಾರು ಯಾವತ್ತು ಕೇಳ್ತಾರೆ? ಆಟೋ ಕರ್ಸು" ಅಂದರು.

ವಿಚಾರಣೆಯ ದಿನ ಅಧಿಕಾರಿಯ ಮೇಜಿನ ಮೇಲೆ ಎರಡು ಕಾಗದ. ಒಂದು ನೋಟ್‌ಬುಕ್ಕಿನ ಪುಟ, ಇನ್ನೊಂದು ನನ್ನ ತಕರಾರು ಅರ್ಜಿ.

"ಎರಡೂ ಒಂದೇ ಕೈಬರಹ ಇದ್ದಂಗಿದೆ?"

"ಎರಡೂ ನಂದೇ ಸಾರ್."

"ಯಾವುದನ್ನ ನಂಬಬೇಕಮ್ಮ?"

ನಾನು ಬಾಯಿ ತೆರೆಯುವ ಮೊದಲೇ ನಂಜುಂಡಪ್ಪನವರು ಎದ್ದರು. "ಸಾರ್, ಈಯಮ್ಮ ಚೇಳೂರಿನೋರು. ನಮ್ಮ ಬಾಡಿಗೆದಾರರು ಅಷ್ಟೇ. ಈ ಬೀದಿ ವಿಷ್ಯಕ್ಕೆ ತಕರಾರು ಹಾಕೋಕೆ ಇವ್ರು ಯಾರು?"

ಅಲ್ಲ ಎನ್ನಲಿ ಹೇಗೆ? ಚೇಳೂರಿನವಳೇ. ಅಧಿಕಾರಿ ಪೆನ್ನು ಕೆಳಗಿಟ್ಟು, "ಇವರು ಈ ಬೀದಿಯೋರು ಅಂತ ಹಳಬ್ರು ಯಾರಾದ್ರೂ ಹೇಳ್ತೀರಾ?" ಎಂದು ಸುತ್ತ ನೋಡಿದರು. ಹನ್ನೊಂದು ಸಹಿಯವರಲ್ಲಿ ಬಂದಿದ್ದವರು ಐದು ಜನ. ನಾಲ್ವರು ನೆಲ ನೋಡಿದರು. ಎಸ್ತರಮ್ಮ ಕೋಲು ಊರಿಕೊಂಡು ಎದ್ದು ನಿಂತರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಮ್ಮ ಬೀದಿಯೋಳೇ ಸಾರ್" ಅಂದರು. "ನಂಜುಂಡನೂ ನಮ್ಮ ಬೀದಿಯೋನೇ, ಇವ್ಳೂ ನಮ್ಮ ಬೀದಿಯೋಳೇ. ಹೊರ್ಗಿನೋರಾದ್ರೆ ನಾವು ಓದಿ ನೋಡೇ ಸಹಿ ಹಾಕ್ತಿದ್ವಿ."

ಹದಿನಾಲ್ಕು ವರ್ಷ ಈ ಮಾತನ್ನು ಯಾರಾದರೂ ನನಗೆ ಹೇಳಲಿ ಎಂದು ಕಾದಿದ್ದೆ. ಅಧಿಕಾರಿ, "ತಕರಾರು ತಗೊಳ್ತೀನಿ, ಇದನ್ನ ತುಂಬಿ" ಎಂದು ಅರ್ಜಿಯನ್ನು ನನ್ನ ಕಡೆ ತಳ್ಳಿದರು. ಊರು ಎಂಬಲ್ಲಿ ಖಾಲಿ ಬಿಟ್ಟಿದ್ದೆ. ತುಮಕೂರು, ಪಾದ್ರಿ ಬೀದಿ ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು.