ಊರಾಚೆಯ ಸಾಲದ ಮನೆ

ಗಂಡ ತೀರಿಕೊಂಡ ಮೇಲೆ ಗಾವಡಗೆರೆ ಹೋಬಳಿಯ ನನ್ನ ತವರೂರಿಗೆ ಹಿಂದಿರುಗಿದಾಗ ನನಗೆ ಇಪ್ಪತ್ತೇಳು ವರ್ಷ. ಮಕ್ಕಳಿರಲಿಲ್ಲ. ಅಣ್ಣ, ಅತ್ತಿಗೆ, ಅವರ ನಾಲ್ಕು ಮಕ್ಕಳು ಇದ್ದ ಮನೆಯಲ್ಲಿ ನಡುಮನೆಯ ಗೋಡೆ ಪಕ್ಕ ನನಗೊಂದು ಚಾಪೆ. ಯಾರೂ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೂ ಯಾರಾದರೂ ದಾಟಿ ಹೋಗುವಾಗ ನಾನಾಗಿಯೇ ಕಾಲು ಮಡಚಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಪಂಚಾಯಿತಿಯವರು ಆಶ್ರಯ ಮನೆಗೆ ಪಟ್ಟಿ ಮಾಡಿದರು. ಒಂದಷ್ಟು ಸಹಾಯಧನ, ಉಳಿದದ್ದು ಸರ್ಕಾರ ಕೊಡಿಸುವ ಸಾಲ. ಹಕ್ಕುಪತ್ರ ಹೆಂಗಸಿನ ಹೆಸರಿಗೇ ಆಗಬೇಕು. ಅಣ್ಣನೇ ಗ್ರಾಮಸಭೆಯಲ್ಲಿ ಎದ್ದು ನಿಂತು ನನ್ನ ಹೆಸರು ಬರೆಸಿದ. ನಿವೇಶನ ಸಿಕ್ಕಿದ್ದು ಊರಿಂದ ಒಂದು ಮೈಲಿ ಆಚೆ, ಗೋಮಾಳದ ದಿಬ್ಬದ ಮೇಲೆ. ಪಾಯ ತೋಡಿದವನು ಅಣ್ಣ, ಗಾಡಿಯಲ್ಲಿ ಕಲ್ಲು ಹೊಡೆದವನೂ ಅವನೇ.

ಪಾಯಕ್ಕೊಂದು, ಲಿಂಟಲ್‌ಗೊಂದು, ಚಾವಣಿಗೊಂದು ಫೋಟೋ ಕೊಟ್ಟರೆ ಮಾತ್ರ ಮುಂದಿನ ಕಂತು. ಲಿಂಟಲ್ ಮಟ್ಟಕ್ಕೆ ಬಂದಾಗ ಹುಣಸೂರಿನಿಂದ ಬಂದ ಫೋಟೋದವರು, "ಮನೆಯವ್ರೆಲ್ಲ ಬಂದು ನಿಂತ್ಕಳಿ" ಎಂದರು.

ನಾನೊಬ್ಬಳೇ ಗೋಡೆ ಮುಂದೆ ಹೋಗಿ ನಿಂತು, "ಎಲ್ಲಾರೂ ಇಷ್ಟೇ ಕಣ್ರೀ" ಎಂದೆ. ಅವರು ಮತ್ತೇನೂ ಕೇಳದೆ ಕ್ಯಾಮೆರಾ ಎತ್ತಿದರು.

ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ಹೆಂಚು. ಕೆಲಸ ಮುಗಿದ ವಾರದಲ್ಲೇ ಅಣ್ಣ ಅದರೊಳಗೆ ಹೊಗೆಸೊಪ್ಪಿನ ಮೂಟೆ ಜೋಡಿಸಿ ಬೀಗ ಹಾಕಿದ. ನಾನು ಅಲ್ಲಿ ಹೋಗಿ ಇರುತ್ತೇನೆಂಬ ಯೋಚನೆ ಅವನಿಗೆ ಬಂದೇ ಇರಲಿಲ್ಲ. ದಿಬ್ಬದ ಮೇಲೆ ಹತ್ತಾರು ಮನೆಗಳೆದ್ದಿದ್ದರೂ ಯಾರೂ ಬಂದಿರಲಿಲ್ಲ. ಕರೆಂಟಿಲ್ಲ, ನೀರು ಕೆಳಗಿನ ತೋಟದ ಬಾವಿಯಿಂದ ತರಬೇಕು. ಒಬ್ಬರ ಮನೆಯಲ್ಲಿ ಹುಲ್ಲು, ಇನ್ನೊಬ್ಬರದರಲ್ಲಿ ಕೋಳಿ.

ಒಂದು ಮಧ್ಯಾಹ್ನ ತಾಲ್ಲೂಕಿನಿಂದ ಸಾಹೇಬರೊಬ್ಬರು ತನಿಖೆಗೆ ಬಂದರು. ಅಣ್ಣ ಗದ್ದೆಯಲ್ಲಿದ್ದ. ಬೀಗದ ಕೈ ಹಿಡಿದು ನಾನೇ ಓಡಿದೆ. ಬಾಗಿಲು ತೆರೆದರೆ ಹೊಗೆಸೊಪ್ಪಿನ ಘಾಟು ಮುಖಕ್ಕೆ ಬಡಿಯಿತು.

"ಇಲ್ಲಿ ಯಾರು ವಾಸ ಇದ್ದಾರಮ್ಮ?" ಎಂದು ಕೇಳಿದರು.

"ನಾನೇ ಸಾ" ಎಂದೆ.

ಅವರು ಮೂಟೆಗಳನ್ನು ನೋಡಿದರು, ನನ್ನನ್ನು ನೋಡಿದರು, ಏನೋ ಬರೆದುಕೊಂಡು ಹೋದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆಡಿದ್ದು ಸುಳ್ಳು. ಆದರೆ ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

ಆ ಮನೆಗೇ ಹೋಗಿ ಇರುತ್ತೇನೆಂದು ಸಂಜೆ ಅಣ್ಣನಿಗೆ ಹೇಳಿದೆ. ಅವನು ನಂಬಲಿಲ್ಲ.

"ಒಂಟಿ ಎಂಗ್ಸು, ಆ ದಿಬ್ಬದ ಮ್ಯಾಲೆ ಎಂಗವ್ವ ಇದ್ದೀಯ? ನಾವು ಒರಗಾಕಿದ್ವಿ ಅಂತ ಜನ ಅನ್ನಕಿಲ್ವಾ?"

"ನನ್ ಎಸ್ರಿಗೆ ಆಗಿರೋ ಮನೆ ಅಣ್ಣ. ಒಂದ್ಸಲ ಇದ್ದು ನೋಡ್ತೀನಿ."

"ನೋಡೋಗು" ಎಂದ. ಮರುದಿನ ಮೂಟೆಗಳನ್ನು ಗಾಡಿಗೆ ಹೇರಿ, ಬೀಗದ ಕೈಯನ್ನು ಜಗುಲಿ ಮೇಲಿಟ್ಟು ಹೋದ. ಅವತ್ತಿನಿಂದ ನನ್ನೊಡನೆ ಮಾತು ಬಿಟ್ಟ.

ಮೊದಲ ತಿಂಗಳು ಒಬ್ಬಳಿಗೆ ಎಷ್ಟು ಹಿಟ್ಟು ಹಾಕಬೇಕೆಂದೇ ತಿಳಿಯುತ್ತಿರಲಿಲ್ಲ. ಏಳು ಜನಕ್ಕೆ ಮುದ್ದೆ ಕಟ್ಟಿದ ಕೈ ಅದು. ಹಗಲು ಬೇರೆಯವರ ಮನೆಗಳಲ್ಲಿ ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋಗುತ್ತಿದ್ದೆ. ಅಲ್ಲಿ ಹೆಂಗಸರ ನಗು, ಜಗಳ ಎಲ್ಲ ಇತ್ತು. ಸಂಜೆ ದಿಬ್ಬ ಹತ್ತುವಾಗ ಒಂದೊಂದೇ ದನಿ ಹಿಂದೆ ಉಳಿಯುತ್ತಿತ್ತು. ಪಕ್ಕದ ಮನೆಯ ಕೋಳಿಗಳನ್ನು ಬೈಯುವ ನೆಪದಲ್ಲಿ ನನ್ನ ದನಿಯನ್ನೇ ನಾನು ಕೇಳಿಸಿಕೊಳ್ಳುತ್ತಿದ್ದೆ. ಹಿಂತಿರುಗಿ ಹೋಗಬೇಕೆಂದು ಎಷ್ಟೋ ಸಲ ಅನ್ನಿಸಿತು. ಹೋಗಿದ್ದರೆ ಅಣ್ಣ ಅತ್ತಿಗೆ ಬೇಡವೆನ್ನುತ್ತಿರಲಿಲ್ಲ. ಅದೇ ಕಾರಣಕ್ಕೋ ಏನೋ ಹೋಗಲಿಲ್ಲ.

ಎರಡನೆಯ ಮಳೆಗಾಲದಲ್ಲಿ ಜ್ವರ ಬಂತು. ಎರಡು ದಿನ ಎದ್ದು ನೀರು ಕುಡಿಯಲೂ ತ್ರಾಣವಿರಲಿಲ್ಲ. ಸತ್ತರೆ ಕೂಲಿಗೆ ಕರೆಯುವವರು ಬಂದಾಗಲೇ ಗೊತ್ತಾಗುವುದು ಎಂದುಕೊಂಡೆ. ಮೂರನೆಯ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಗಂಜಿಯ ಪಾತ್ರೆ ಹಿಡಿದು ಅತ್ತಿಗೆ ನಿಂತಿದ್ದಳು.

"ನಿಂಗೆ ಎಂಗೆ ಗೊತ್ತಾಯ್ತು?"

"ನಿಮ್ಮಣ್ಣ ಕಳಿಸ್ತು ಕಣವ್ವ. ಎಲ್ಡು ದಿನದಿಂದ ನಿನ್ನ ಎಂಚಿನ ಮ್ಯಾಲೆ ಒಗೆ ಕಾಣ್ಲಿಲ್ವಂತೆ. ದಿನಾ ಗದ್ದೆಗೆ ಓಗೋವಾಗ ಕೆರೆ ಏರಿ ಮ್ಯಾಲೆ ನಿಂತು ನೋಡ್ತದೆ."

ನಾನು ಗಂಜಿ ಕುಡಿದೆ. ಅಳು ಬಂದು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಅತ್ತಿಗೆ ಸೆರಗಿನಿಂದ ನನ್ನ ಮುಖ ಒರೆಸಿ, ಬಾವಿಯಿಂದ ಎರಡು ಬಿಂದಿಗೆ ನೀರು ತಂದಿಟ್ಟು ಹೋದಳು.

ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ದಿಬ್ಬ ಇಳಿದು ಏರಿಯ ಹತ್ತಿರ ಕಾದೆ. ಅಣ್ಣ ಎತ್ತು ಹೊಡೆದುಕೊಂಡು ಬಂದ.

"ಮನೆಗೆ ಬಾ ಅಣ್ಣ. ಕಾಪಿ ಕುಡ್ಕೊಂಡೋಗು."

"ವಾಸಿ ಆಯ್ತಾ?" ಎಂದ. ತಲೆಯಾಡಿಸಿದೆ. "ಎತ್ತು ನಿಲ್ಲಕಿಲ್ಲ ಬುಡು. ಇನ್ನೊಂದಿನ ಬತ್ತೀನಿ."

ಆ ಇನ್ನೊಂದು ದಿನ ಬರುವ ಹೊತ್ತಿಗೆ ಮೂರು ವರ್ಷವಾಗಿತ್ತು. ಅಷ್ಟರಲ್ಲಿ ದಿಬ್ಬಕ್ಕೆ ಕರೆಂಟ್ ಕಂಬ ಬಂದು, ಬೋರ್‌ವೆಲ್ ಕೊರೆದು, ಏಳೆಂಟು ಸಂಸಾರಗಳು ಬಂದು ನೆಲೆಸಿದ್ದವು. ಅಣ್ಣ ಒಳಗೆ ಬರದೆ ಮೆಟ್ಟಿಲ ಮೇಲೆ ಕೂತು ಕಾಪಿ ಕುಡಿದ. ನಾನೂ ಅವನ ಪಕ್ಕದಲ್ಲಿ ಕೂತೆ. ಎದುರು ಮನೆಯ ಮಕ್ಕಳು ಗಲಾಟೆ ಮಾಡುತ್ತಿದ್ದರು. ಅವರನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದೆವು.