ಕೊನೆಯ ಸಾಲಿನ ವೇರಾಫ್

ಹೋದ ತಿಂಗಳು ನಾನು ‘ವೇರಾಫ್’ ಎಂಬ ಇಂಗ್ಲಿಷ್ ಪದವನ್ನು ಮೂವತ್ತೊಂದು ಸಲ ಮುದ್ರಿಸಿದ್ದೇನೆ. ಬಾಯಲ್ಲಿ ಆಡಿದ್ದು ಒಂದು ಸಲವೂ ಇಲ್ಲ. ಇಂಥದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಡುವುದು ನನ್ನ ಚಟ. ಕುಡಿದ ಚಹಾ, ತಪ್ಪಿದ ಬಸ್ಸು, ಬೈಸಿಕೊಂಡ ದಿನ, ಎಲ್ಲಕ್ಕೂ ಒಂದೊಂದು ಕಾಲಂ ಇದೆ.

ಸುರಪುರದಲ್ಲಿ ನಾನು ಕೆಲಸ ಮಾಡುವುದು ಹೊಲ-ಮನೆಗಳ ಕಾನೂನು ಪತ್ರ ಮಾಡಿಕೊಡುವ ಒಬ್ಬ ಪತ್ರ ಬರಹಗಾರರ ಅಂಗಡಿಯಲ್ಲಿ. ಅಲ್ಲಿ ಎಲ್ಲ ಪತ್ರಗಳೂ ಕನ್ನಡದಲ್ಲೇ ಹುಟ್ಟುತ್ತವೆ. ಕೊನೆಯ ಸಾಲು ಮಾತ್ರ ಇಂಗ್ಲಿಷ್: ‘ಇನ್ ವಿಟ್ನೆಸ್ ವೇರಾಫ್’. ಒಮ್ಮೆ ಅದನ್ನು ತೆಗೆದು ನೋಡಿದೆ. ಬರೆಸಿದವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, “ಇಂಗ್ಲಿಷ್ ಎಲ್ಲದ್ರೀ? ಇದಕ್ಕ ತೂಕನ ಇಲ್ಲಲ್ರೀ” ಎಂದರು. ಸಾಲು ಮರಳಿ ಬಂತು.

ನಿಘಂಟಿನ ಪ್ರಕಾರ ಇದು ಹಳೆಯ ಪದ. ‘ಯಾವುದರ’, ‘ಅದರ’ ಎಂದು ಅರ್ಥ. ಇಡೀ ಸಾಲಿನ ತಾತ್ಪರ್ಯ, ‘ಮೇಲೆ ಹೇಳಿದ್ದಕ್ಕೆ ಸಾಕ್ಷಿಯಾಗಿ’. ಈ ಪದಕ್ಕೆ ಸ್ವಂತ ಸರಕಿಲ್ಲ, ಬೆರಳೆತ್ತಿ ಮೇಲಕ್ಕೆ ತೋರಿಸಿ ಸುಮ್ಮನಾಗುತ್ತದೆ. ನಮ್ಮ ಕಡೆ ನಿಜಾಮರ ಕಾಲದ ‘ಮಜಕೂರ’ ಕೂಡ ಹೀಗೆಯೇ. ‘ಮೇಲೆ ಹೇಳಿದ’ ಎಂಬ ಅರ್ಥ ಹೊತ್ತು ಹಳೇ ಪತ್ರಗಳಲ್ಲಿ ಕೂತಿದೆ, ಸಂತೆಯಲ್ಲಿ ಸಿಗುವುದಿಲ್ಲ. ದುಡಿದು ದಣಿದ ಪದಗಳಿಗೆ ಪಿಂಚಣಿ ಕೊಡುವುದು ಕಾನೂನಿನ ಕಾಗದವೊಂದೇ.

ಇಷ್ಟು ತಿಳಿದವಳೆಂಬ ನನ್ನ ಹೆಮ್ಮೆ ಒಂದು ಮಂಗಳವಾರದವರೆಗೆ ಬಾಳಿತು.

ಅಂದು ಹುಣಸಗಿ ಕಡೆಯಿಂದ ನಾಗಮ್ಮ, ಅವಳ ತಮ್ಮ ಶರಣಪ್ಪ ಹೊಲದ ಪಾಲುಪತ್ರ ಮಾಡಿಸಲು ಬಂದರು. ಸಾಕ್ಷಿಗೆ ಅವರ ಸೋದರಮಾವ ಮಲ್ಲಪ್ಪ. ಕಂಪ್ಯೂಟರಿನಲ್ಲಿ ಹಳೆಯ ಪತ್ರವೊಂದನ್ನು ತೆರೆದು ಹೆಸರು ಬದಲಿಸಿ ಹೊಸದು ಮಾಡುವುದು ನಮ್ಮ ಅಂಗಡಿಯ ಪದ್ಧತಿ. ಹಾಗೆಯೇ ಮಾಡಿ, ಮುದ್ರಿಸಿ, ಸಹಿಯ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಕೊಟ್ಟೆ.

ಮಲ್ಲಪ್ಪ ಪೆನ್ನು ಹಿಡಿದವರು ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟರು. “ಇದು ಏನಂತದ ಯವ್ವಾ?”

“ಮ್ಯಾಲ ಬರ್ದದ್ದಕ್ಕ ನೀವು ಸಾಕ್ಷಿ ಅಂತದ್ರಿ.”

“ಹಂಗಾದ್ರ ಮ್ಯಾಲಿಂದು ಓದು. ಕೇಳದ ಮಾತಿಗಿ ಹ್ಯಾಂಗ ಸಾಕ್ಷಿ ಆಗ್ಲಿ?”

“ಮಾವಾ, ಬಸ್ಸಿನ ಟೈಮ್ ಆತು” ಎಂದು ಶರಣಪ್ಪ ಗೊಣಗಿದ. ನಾನು ಓದಿದೆ. ನಾಗಮ್ಮನ ಪಾಲಿನ ನಾಲ್ಕು ಗಡಿಗಳು ಬಂದವು. “ಪೂರ್ವಕ್ಕೆ ತಮ್ಮನ ಹೊಲ.”

“ಪೂರ್ವಕ್ಕ ಕಾಲುವಿ ಅದಲ್ಲ!” ನಾಗಮ್ಮ ಎದ್ದೇ ನಿಂತಳು. “ಕಾಲುವಿ ಹೋದ್ರ ಭತ್ತಕ್ಕ ನೀರು ಎಲ್ಲಿಂದ ತರ್ಲಿ?”

“ಎತ್ತಾಗ ಹೋತವ್ವಾ?” ಮಲ್ಲಪ್ಪ ನನ್ನನ್ನೇ ಕೇಳಿದರು. “ನಿನ್ನಿ ಸಂಜಿಕ ಅಲ್ಲೇ ಇತ್ತು.”

“ಅಕ್ಕಾ, ಆಣಿ ಮಾಡ್ತೀನಿ, ನಾ ಬರಿಸಿಲ್ಲ.”

“ನೀ ಬರಿಸಿದ್ರ ಇಷ್ಟು ನೆಟ್ಟಗ ಬರ್ತಿತ್ತೇನು ಬಿಡು!” ಎಂದಳು ನಾಗಮ್ಮ.

ತಪ್ಪು ನನ್ನದೇ. ಆ ಹಳೆಯ ಪತ್ರವೂ ಒಬ್ಬ ಅಕ್ಕನದು. ಅವಳ ಪೂರ್ವಕ್ಕೆ ತಮ್ಮನ ಹೊಲವಿತ್ತು. ಆ ಸಾಲು ನಾಗಮ್ಮನ ಪತ್ರಕ್ಕೂ ಹಾಗೆಯೇ ಬಂದುಬಿಟ್ಟಿತ್ತು. ಒಪ್ಪಿಕೊಂಡೆ.

“ಇರ್ಲಿ ಬಿಡ್ರಿ,” ಎಂದ ಶರಣಪ್ಪ, “ನೀರಿಗಿ ನಾ ಏನು ಅಡ್ಡ ಬರ್ತೀನೇನು? ನಾವು ನಾವ ಅದೀವಿ.”

“ಇವತ್ತು ನೀವ ಅದೀರಿ” ಎಂದರು ಮಲ್ಲಪ್ಪ. “ನಾಳಿ ನಿಮ್ಮ ಮಕ್ಕಳ ಮುಂದ ಮಾತಾಡೂದು ಈ ಕಾಗದನ. ಹೊಸಾದು ಮಾಡು ಯವ್ವಾ.”

ಬಸ್ಸು ಹೋಯಿತು. ಶರಣಪ್ಪ ಮುಖ ಗಂಟು ಹಾಕಿಕೊಂಡು ಎಲ್ಲರಿಗೂ ಚಹಾ ತಂದ. ನಾನು ಮತ್ತೆ ಟೈಪ್ ಮಾಡಿ ಮೊದಲಿನಿಂದ ಓದಿದೆ.

ನಾಗಮ್ಮನಿಗೆ ಓದು ಬಾರದು. ಅವಳು ಕಣ್ಣು ಮುಚ್ಚಿ, ಹೊಲದ ನಡುವೆ ನಿಂತವಳಂತೆ, ನಾನು ಹೇಳಿದ ಒಂದೊಂದು ದಿಕ್ಕಿಗೂ ಕೈ ಚಾಚುತ್ತಿದ್ದಳು. ಉತ್ತರಕ್ಕೆ ದಾರಿ, ಕೈ ದೂರ ಹೋಯಿತು. ಪಶ್ಚಿಮಕ್ಕೆ ಬದು, ಕೈ ತಡೆದು ನಿಂತಿತು. “ಪೂರ್ವಕ್ಕೆ ಕಾಲುವೆ” ಎಂದಾಗ ಅಂಗೈ ಮೆಲ್ಲಗೆ ಕೆಳಗಿಳಿದು ಒಂದು ಕ್ಷಣ ಅಲ್ಲೇ ಇತ್ತು, ನೀರು ಮುಟ್ಟಿ ನೋಡುವವರ ಹಾಗೆ. ಆಮೇಲೆ ಕಣ್ಣು ತೆರೆದು, “ಹಾಂ, ಈಗ ಸರಿ ಅದ” ಎಂದು ಹೆಬ್ಬೆಟ್ಟು ಒತ್ತಿದಳು.

ಆ ಹೊಲವನ್ನು ನಾನು ನೋಡಿಲ್ಲ. ಆದರೂ ಬರೆದವಳ ಸಹಿ ಹಾಕುವಾಗ, ಕಾಲುವೆ ಅಲ್ಲಿರುವುದಕ್ಕೆ ನಾನೂ ಸಾಕ್ಷಿ ಎನಿಸಿತು. ಈಗ ಪತ್ರ ಓದುವಾಗ ನನ್ನ ಒಂದು ಕಣ್ಣು ಕಾಗದದ ಮೇಲಿದ್ದರೆ, ಇನ್ನೊಂದು ಕೇಳುವವರ ಕೈಯ ಮೇಲಿರುತ್ತದೆ.